ಕಂಪ್ಯೂಟರುಗಳ ಪಂಕ್ತಿ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಆಡಳಿತ ಮಂಡಳಿಯ ಸಭೆಯಲ್ಲಿ ನಾನು ಊಟದ ಮಾತು ಎತ್ತಬಾರದಿತ್ತು. ಹೊಟ್ಟೆ ತುಂಬಿದವರ ಮುಂದೆ ಊಟದ ಮಾತೆತ್ತಿದರೆ ಏನಾಗುತ್ತದೆಂದು ಹರವೆಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಬುದ್ಧಿ ಇದ್ದಿದ್ದರೆ ತಾನೆ.

ನಾನು ಶಿವರಾಮು. ಚಾಮರಾಜನಗರದಲ್ಲಿರುವ ತರಕಾರಿ ಬೆಳೆಗಾರರ ಸಹಕಾರ ಮಾರಾಟ ಸಂಘದಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ನೋಡಿಕೊಳ್ಳುವುದೆಂದರೆ ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದ ಎಳೆಯುವುದರಿಂದ ಹಿಡಿದು ನಿರ್ದೇಶಕರ ಮೊಮ್ಮಕ್ಕಳ ಮೊಬೈಲಿಗೆ ಆಟ ಹಾಕಿಕೊಡುವ ತನಕ. ನನ್ನದು ಕಾಯಂ ಹುದ್ದೆ, ಯಾರೂ ಅಲ್ಲಾಡಿಸುವ ಹಾಗಿಲ್ಲ. ಈ ಕತೆಯಲ್ಲಿ ಅದೊಂದು ನಾಚಿಕೆಯ ಸಂಗತಿ. ಸಂಘಕ್ಕೆ ಒಟ್ಟು ಮೂವತ್ತೆಂಟು ಕಂಪ್ಯೂಟರ್. ಕೆಲವು ಚಾಮರಾಜನಗರದ ಕಚೇರಿಯಲ್ಲಿ, ಕೆಲವು ಗುಂಡ್ಲುಪೇಟೆಯ ನಮ್ಮ ಯಾರ್ಡಿನಲ್ಲಿ, ಉಳಿದವು ಹರವೆ, ಭೀಮನಬೀಡಿನಂಥ ಕಡೆ ಇರುವ ಖರೀದಿ ಕೇಂದ್ರಗಳಲ್ಲಿ.

ಆಷಾಢದಲ್ಲಿ ಒಂದು ಸುತ್ತೋಲೆ ಬಂತು. ನಮ್ಮಂಥ ಸಂಘಗಳ ನೆತ್ತಿಯ ಮೇಲೆ ಕೂತಿರುವ ಮಹಾಮಂಡಲದ್ದು. ಕಂಪ್ಯೂಟರಿನ ಒಳಗೆ ಕೂತು ಎಲ್ಲವನ್ನೂ ನಡೆಸುವ ಮೂಲ ತಂತ್ರಾಂಶ, ಅದೇ ವಿಂಡೋಸ್, ಅದರ ಹಳೆಯ ಹತ್ತನೆಯದಕ್ಕೆ ಅಕ್ಟೋಬರ್ ನಂತರ ರಕ್ಷಣೆ ಇರುವುದಿಲ್ಲ, ಆದ್ದರಿಂದ ಅಕ್ಟೋಬರ್ ಹತ್ತರ ಸಂಜೆ ಐದರೊಳಗೆ ಎಲ್ಲ ಯಂತ್ರಗಳಿಗೂ ಹನ್ನೊಂದನೆಯದು ಹಾಕಿರಬೇಕು ಎಂದು. ಅಷ್ಟಾದರೆ ಸರಿ, ಹಾಕಬೇಕಾದ್ದೇ. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಗಡುವಿನೊಳಗೆ ನವೀಕರಣಗೊಳ್ಳದ ಯಂತ್ರದ ಗುತ್ತಿಗೆ ನಿರ್ವಾಹಕರ ಸೇವೆಯನ್ನು ಮುಂದುವರಿಸತಕ್ಕದ್ದಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ಹೊಸದನ್ನು ಹಾಕಬೇಕಾದವನು ನಾನು, ಹಾಕದಿದ್ದರೆ ಮನೆಗೆ ಹೋಗುವವರು ಗುತ್ತಿಗೆಯವರು.

ಗುತ್ತಿಗೆಯವರಲ್ಲಿ ಭಾಗ್ಯ ಒಬ್ಬಳು. ಭೀಮನಬೀಡಿನವಳು, ಗುಂಡ್ಲುಪೇಟೆ ಯಾರ್ಡಿನ ಗೇಟಿನಲ್ಲಿ ಕೂರುತ್ತಾಳೆ. ಈರುಳ್ಳಿ, ಬೀನ್ಸ್, ಟೊಮೆಟೊ ಹೊತ್ತ ಟೆಂಪೋ ಬಂದು ವೇಬ್ರಿಡ್ಜ್ ಹತ್ತಿದರೆ ತೂಕ ಅವಳ ಕಂಪ್ಯೂಟರಿಗೆ ತಾನೇ ಬಂದು ಬೀಳುತ್ತದೆ, ಅವಳು ಒಂದು ಗುಂಡಿ ಒತ್ತಿದರೆ ಟೋಕನ್ ಬರುತ್ತದೆ, ಗಾಡಿ ಒಳಗೆ ಹೋಗುತ್ತದೆ. ಆರು ವರ್ಷದಲ್ಲಿ ಒಂದು ಟೋಕನ್ ತಪ್ಪಾಗಿಲ್ಲ. ಗಂಡ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆ ಮನೆಗೆ ಬರುವ ಸಂಬಳ ಅವಳದೊಂದೇ. ಮಗಳು ಸಿಂಧು ಆರನೇ ಕ್ಲಾಸು. ಸುತ್ತೋಲೆ ಬಂದ ದಿನವೇ ಭಾಗ್ಯ ನನಗೆ ಫೋನ್ ಮಾಡಿ, ನನ್ನದನ್ನು ಮರೆಯಬೇಡ ಕಣಣ್ಣ ಎಂದಿದ್ದಳು. ಮರೆಯುವುದೇನು ಬಂತು, ನಿನ್ನದೇ ಮೊದಲು ಎಂದಿದ್ದೆ. ಬಾಯಿ ಸುಮ್ಮನಿದ್ದರಲ್ಲವೇ.

ಇಂಥದ್ದನ್ನು ಮೂವತ್ತೆಂಟಕ್ಕೂ ಒಂದೇ ಸಲ ಹಾಕಬಾರದು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಒಂದು ಕಂಪ್ಯೂಟರಿಗೆ ಹಾಕಿ, ಪಕ್ಕದಲ್ಲಿ ಹಳೆಯದೊಂದನ್ನು ಇಟ್ಟುಕೊಂಡು, ಹದಿನೈದು ದಿನ ನೋಡಬೇಕು. ಏನಾದರೂ ಕೆಟ್ಟರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಐದಾರಕ್ಕೆ, ಆಮೇಲೆ ಉಳಿದವಕ್ಕೆ. ಸಭೆಯಲ್ಲಿ ಇದನ್ನು ಎರಡು ಸಲ ಹೇಳಿದೆ. ಒಂಬತ್ತು ಜನ ನಿರ್ದೇಶಕರೂ ಬಸ್ಸಿಗೆ ಕಾದವರಂತೆ ಕಿಟಕಿ ನೋಡುತ್ತಿದ್ದರು. ಆಗ ನನ್ನ ನಾಲಗೆ ಜಾರಿತು. ಮದುವೆ ಮನೆಯ ಊಟ ಇದ್ದ ಹಾಗೆ ಸಾರ್, ಮೊದಲ ಪಂಕ್ತಿ, ಎರಡನೆಯ ಪಂಕ್ತಿ, ಮೂರನೆಯ ಪಂಕ್ತಿ ಎಂದೆ. ಒಂಬತ್ತು ತಲೆಗಳೂ ನನ್ನ ಕಡೆ ತಿರುಗಿದವು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮಾತು ಅವರಿಗೆ ಅರ್ಥವಾಗಿತ್ತು. ಹುಮ್ಮಸ್ಸಿನಲ್ಲಿ, ಮೊದಲ ಪಂಕ್ತಿಗೆ ಗುಂಡ್ಲುಪೇಟೆ ಗೇಟಿನ ಭಾಗ್ಯಳ ಕಂಪ್ಯೂಟರ್ ಎಂದುಬಿಟ್ಟೆ.

ಅಧ್ಯಕ್ಷರು ಶಾಂತಮಲ್ಲಪ್ಪನವರು. ಅರವತ್ತೆಂಟು ವಯಸ್ಸು, ನಲವತ್ತು ಎಕರೆ, ಮೂರನೆಯ ಅವಧಿ. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ ನಿಧಾನವಾಗಿ ಕೇಳಿದರು.

"ಮೊದಲ್ನೇ ಪಂಕ್ತಿಲಿ ಗೇಟ್ ಹುಡ್ಗಿ ಕುಂತ್ಕಂಡ್ರ, ನಾವೇನ್ ಎಲೆ ಎತ್ತಕ ಬಂದವ್ರಾ ಶಿವರಾಮು?"

ಉಪ್ಪು ನೋಡುವುದು ಎನ್ನಬೇಕಿತ್ತು. ಅಡುಗೆ ಆದ ಮೇಲೆ ಬಡಿಸುವ ಮುಂಚೆ ಭಟ್ಟ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ಉಪ್ಪು ನೋಡುತ್ತಾನಲ್ಲ, ಹಾಗೆ ಎಂದಿದ್ದರೆ ಆ ಕೆಲಸಕ್ಕೆ ಯಾವ ನಿರ್ದೇಶಕರೂ ಕೈ ಚಾಚುತ್ತಿರಲಿಲ್ಲ. ಈ ಉಪಾಯ ನನಗೆ ಹೊಳೆದದ್ದು ಮನೆಗೆ ಹೋಗಿ ಮುದ್ದೆ ಮುರಿಯುವಾಗ. ಅಷ್ಟರಲ್ಲಿ ಠರಾವು ಆಗಿ ಹೋಗಿತ್ತು. ವಾರ್ಷಿಕ ಸಭೆಯಲ್ಲಿ ವೇದಿಕೆಯ ಮೇಲೆ ಕೂರುವ ಕ್ರಮದಲ್ಲೇ ಕಂಪ್ಯೂಟರುಗಳ ನವೀಕರಣವಾಗತಕ್ಕದ್ದು. ಮೊದಲು ಅಧ್ಯಕ್ಷರದು, ಆಮೇಲೆ ಉಪಾಧ್ಯಕ್ಷರದು, ಆಮೇಲೆ ನಿರ್ದೇಶಕರದು. ಐದನೆಯ, ಆರನೆಯ ಸ್ಥಾನಕ್ಕೆ ಇಬ್ಬರಿಗೆ ಜಗಳ ಹತ್ತಿಕೊಂಡು ಆಧಾರ್ ಕಾರ್ಡ್ ತರಿಸಿ ಹುಟ್ಟಿದ ತಾರೀಖು ನೋಡಿ ತೀರ್ಮಾನ ಮಾಡಿದರು.

ವ್ಯವಸ್ಥಾಪಕರು ಗುರುಪಾದಸ್ವಾಮಿ. ಕೆಟ್ಟವರಲ್ಲ. ಅವರಿಗೆ ಒಳ್ಳೆಯದು ಕೆಟ್ಟದ್ದು ಎನ್ನುವುದೇ ಇಲ್ಲ, ಕಡತ ಒಂದೇ ಇರುವುದು. ಪಟ್ಟಿಯ ಕಡೆಯಲ್ಲಿ ಭಾಗ್ಯಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ, ಎಲ್ಲರದೂ ಮುಗಿದ ನಂತರ ಪ್ರತ್ಯೇಕವಾಗಿ ಎಂದು ಬರೆದರು. ಅವಳೇ ನನ್ನ ಕಿವಿ ಊದಿ ಮೊದಲ ಪಂಕ್ತಿ ಕೇಳಿಸಿದ್ದಾಳೆ ಎಂದು ಅವರ ನಂಬಿಕೆ. ಎರಡು ದಿನದಲ್ಲಿ ಸುದ್ದಿ ಗುಂಡ್ಲುಪೇಟೆ ಮುಟ್ಟಿತು. ಅಧ್ಯಕ್ಷರಿಗಿಂತ ಮುಂಚೆ ಎಲೆ ಹಾಕಿಸಿಕೊಳ್ಳಲು ಹೋದವಳು ಎಂದು ಯಾರ್ಡಿನಲ್ಲೆಲ್ಲ ಅವಳನ್ನು ಬೆರಳು ಮಾಡಿ ತೋರಿಸಿದರು. ಅವಳು ಫೋನ್ ಮಾಡಿ ನಾನ್ಯಾವತ್ತು ಕೇಳಿದೆ ಅಣ್ಣ ಎಂದಳು. ಕಡೆಯಲ್ಲಾದರೂ ಹಾಕಿಯೇ ಹಾಕುತ್ತೇನೆ, ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದು ಮಾತು ಕೊಟ್ಟೆ.

ಆಷಾಢದಲ್ಲಿ ಬೇಡವೆಂದು ಶ್ರಾವಣದ ಕೊನೆಯ ಸೋಮವಾರ ಮುಹೂರ್ತವಾಯಿತು. ಅಧ್ಯಕ್ಷರ ಕೊಠಡಿಯ ಕಂಪ್ಯೂಟರ್ ಎರಡು ವರ್ಷದ ಹಿಂದೆ ಬಂದದ್ದು, ಪರದೆಗೆ ಅಂಟಿಸಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ. ಅದರಲ್ಲಿದ್ದದ್ದು ಒಂದೇ, ಹುಲಿಯ ಮೇಲೆ ಕೂತ ಮಾದಪ್ಪನ ಚಿತ್ರ. ವಿಭೂತಿ ಹಚ್ಚಿ, ಕಾಯಿ ಒಡೆದು, ಅಧ್ಯಕ್ಷರಿಂದ ಗುಂಡಿ ಒತ್ತಿಸಿದೆ. ಕೇಸರಿಬಾತ್ ತಿಂದು ಮುಗಿಯುವ ಹೊತ್ತಿಗೆ ಪರದೆ ಕಪ್ಪಾಯಿತು. ಕರೆಂಟು ಹೋಯಿತೆಂದು ಯಾರೋ ಜವಾನನನ್ನು ಜನರೇಟರಿಗೆ ಓಡಿಸಿದರು. ಒಂದೂವರೆ ಗಂಟೆ ಆದ ಮೇಲೆ ಹುಲಿ ಬಂತು, ಮಾದಪ್ಪ ಬಂದ.

"ಮಾದಪ್ಪ ಬಂದವ್ನೆ. ಇನ್ನೇನ್ಲಾ, ಎಲ್ಲ ಸರಿಯಾಗದೆ," ಎಂದು ಅಧ್ಯಕ್ಷರು ಕೈಮುಗಿದರು. ಎಲ್ಲರೂ ಕೈಮುಗಿದರು. ಸ್ಥಳೀಯ ಪತ್ರಿಕೆಯಲ್ಲಿ ಫೋಟೊ ಬಂತು.

ಹದಿನೈದು ದಿನದ ಪರೀಕ್ಷೆಯೂ ನಡೆಯಿತು. ಬೆಳಿಗ್ಗೆ ಜವಾನ ಆನ್ ಮಾಡುವುದು, ಮಾದಪ್ಪ ಕಾಣುವುದು, ಕೈಮುಗಿದು ಆಫ್ ಮಾಡುವುದು. ದೋಷವಿಲ್ಲ ಎಂದು ವರದಿ ಹೋಯಿತು. ಉಳಿದ ನಿರ್ದೇಶಕರೂ ತಮ್ಮ ತಮ್ಮ ನಕ್ಷತ್ರಕ್ಕೆ ಕೂಡಿಬರುವ ದಿನ ನೋಡಿಸಿಕೊಂಡು ಒಬ್ಬೊಬ್ಬರಾಗಿ ಗುಂಡಿ ಒತ್ತುವಷ್ಟರಲ್ಲಿ ದಸರಾ ಬಂತು. ಈ ನಡುವೆ ನಾನು ಗುರುಪಾದಸ್ವಾಮಿಗಳ ಮೇಜಿಗೆ ಮೂರು ಸಲ ಹೋಗಿ, ಒಂದೇ ಒಂದು ತೂಕದ ಕಂಪ್ಯೂಟರಿಗೆ ಹಾಕಿ ನೋಡಲು ಬಿಡಿ ಎಂದು ಕೇಳಿದೆ. ನಮ್ಮ ತೂಕದ ತಂತ್ರಾಂಶ ಹನ್ನೆರಡು ವರ್ಷ ಹಳೆಯದು, ಹೊಸದರ ಜೊತೆ ಹೊಂದುತ್ತದೋ ಇಲ್ಲವೋ ದೇವರಿಗೇ ಗೊತ್ತು, ನನ್ನ ಮೇಜಿನ ಮೇಲೆ ಪರೀಕ್ಷೆ ಮಾಡೋಣವೆಂದರೆ ಅಲ್ಲಿ ವೇಬ್ರಿಡ್ಜ್ ಇಲ್ಲ ಎಂದೆ. ಹಿರಿಯರದು ಮುಗಿಯುವ ತನಕ ಬೇರೆಯವರ ಯಂತ್ರ ಮುಟ್ಟುವಂತಿಲ್ಲ, ಠರಾವು ನೋಡಿ ಎಂದರು. ದೊಡ್ಡವರದೆಲ್ಲ ಸಲೀಸಾಗಿ ಆಗಿರುವಾಗ ಚಿಕ್ಕವರದಕ್ಕೆ ಏನು ಬಂತು ಎಂದೂ ಕೇಳಿದರು.

ದಸರಾ ಕಳೆದ ಭಾನುವಾರ, ಅಕ್ಟೋಬರ್ ಐದು, ಗಡುವಿಗೆ ಇನ್ನೈದು ದಿನ. ಉಳಿದ ಇಪ್ಪತ್ತೆಂಟಕ್ಕೆ ಚಾಮರಾಜನಗರದಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಒಂದೇ ಸಲಕ್ಕೆ ಕಳಿಸು ಎಂದು ಅಪ್ಪಣೆಯಾಯಿತು. ಆಗುವುದಿಲ್ಲ ಎನ್ನಬಹುದಿತ್ತು. ನನ್ನನ್ನು ಯಾರೂ ಕೆಲಸದಿಂದ ತೆಗೆಯುವ ಹಾಗಿರಲಿಲ್ಲ, ಹೆಚ್ಚೆಂದರೆ ಒಂದು ನೋಟಿಸು. ಆದರೂ ಅನ್ನಲಿಲ್ಲ, ಕಳಿಸಿದೆ. ಭಾಗ್ಯಳದು ಮಾತ್ರ ಕೆಂಪು ಶಾಯಿಯ ಪ್ರಕಾರ ಉಳಿಯಿತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಹರವೆಯಿಂದ ಮೊದಲ ಫೋನು. ಕಂಪ್ಯೂಟರ್ ಚೆನ್ನಾಗಿ ಹತ್ತಿದೆ, ಬಣ್ಣ ಬಣ್ಣವಾಗಿದೆ, ತೂಕ ಮಾತ್ರ ಬೀಳುತ್ತಿಲ್ಲ. ಏಳೂಕಾಲಕ್ಕೆ ಭೀಮನಬೀಡು. ಎಂಟು ಗಂಟೆಯೊಳಗೆ ಎಲ್ಲ ಕೇಂದ್ರಗಳೂ. ತೂಕದ ತಂತ್ರಾಂಶ ಬರೆದುಕೊಟ್ಟ ಪುಣ್ಯಾತ್ಮನನ್ನು ಮೈಸೂರಿನಲ್ಲಿ ಹುಡುಕಿ ಹಿಡಿದರೆ ಅವನು ಈಗ ಬೇಕರಿ ನಡೆಸುತ್ತಿದ್ದಾನೆ. ಮತ್ತೆ ಬರೆಯಬೇಕು, ಎರಡು ತಿಂಗಳು ಬೇಕು, ದೀಪಾವಳಿ ಆರ್ಡರ್ ಮುಗಿಯಲಿ ಎಂದ. ಹಳೆಯದಕ್ಕೇ ವಾಪಸು ಹೋಗೋಣವೆಂದರೆ ಆ ಗುಂಡಿಯನ್ನು ಮಹಾಮಂಡಲದವರು ಮೇಲಿನಿಂದಲೇ ಮುಚ್ಚಿಸಿಟ್ಟಿದ್ದರು. ಪ್ರಗತಿ ಹಿಂದಕ್ಕೆ ಹೋಗಬಾರದಂತೆ. ತೂಕ ನೋಡಿ ಕೈಯಲ್ಲೇ ಚೀಟಿ ಬರೆಯೋಣವೆಂದರೆ ಕೈಬರಹದ ಚೀಟಿಗೆ ಮಾನ್ಯತೆ ಇಲ್ಲ ಎಂದು ಮೂರು ವರ್ಷದ ಹಿಂದೆ ಆದ ಠರಾವು ಇತ್ತು.

ಇಡೀ ಸಂಘದಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಒಂದೇ ಉಳಿಯಿತು, ಶಿಕ್ಷೆಯೆಂದು ಕಡೆಗೆ ತಳ್ಳಿದ್ದ ಭಾಗ್ಯಳದು.

ಎಲ್ಲ ಕೇಂದ್ರಗಳ ಮಾಲೂ ಗುಂಡ್ಲುಪೇಟೆ ಗೇಟಿಗೆ ಬಂತು. ಹರವೆಯ ಟೊಮೆಟೊ, ಭೀಮನಬೀಡಿನ ಬೀನ್ಸು, ತಮಿಳುನಾಡಿನ ಗಡಿಯಿಂದ ಸಣ್ಣ ಈರುಳ್ಳಿ. ಟೆಂಪೋ ಸಾಲು ಗೇಟಿನಿಂದ ಹೆದ್ದಾರಿಗೆ ಮುಟ್ಟಿತು. ಕೇರಳಕ್ಕೆ ಹೋಗುವ ಲಾರಿಗಳ ಚಾಲಕರು ಕೆಳಗಿಳಿದು ಮಲಯಾಳದಲ್ಲಿ ಬೈಯುತ್ತಾ ಚಹಾ ಕುಡಿಯುತ್ತಿದ್ದರು. ಭಾಗ್ಯ ಬೆಳಿಗ್ಗೆ ಆರಕ್ಕೆ ಬಂದು ಕೂತರೆ ಕತ್ತಲಾಗುವ ತನಕ ಏಳಲಿಲ್ಲ. ಅದೇ ತೂಕದ ತಂತ್ರಾಂಶದಿಂದ ಬರುವ ಕಚೇರಿಯ ಪಟ್ಟಿಗಳನ್ನು ತೆಗೆಯಲು ಗುರುಪಾದಸ್ವಾಮಿ ದಿನವೂ ಪೆನ್ ಡ್ರೈವ್ ಹಿಡಿದು ಬಂದು ಅವಳ ಬಾಗಿಲಲ್ಲಿ ನಿಂತರು. ಬುಧವಾರ ಸ್ವತಃ ಅಧ್ಯಕ್ಷರ ತೋಟದ ಈರುಳ್ಳಿ ಟೆಂಪೋ ಬಂತು, ಹಿಂದೆಯೇ ಅವರ ಕಾರು. ಬಂದ ಬಂದ ಹಾಗೆ ತೂಕ, ಬುದ್ದಿ, ನಿಮ್ಮದು ಹತ್ತೊಂಬತ್ತನೆಯದು ಎಂದು ಭಾಗ್ಯ ತಲೆ ಎತ್ತದೆ ಹೇಳಿದಳು. ಅಧ್ಯಕ್ಷರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಡ್ಲೆಕಾಯಿ ಬಿಡಿಸಿದರು. ಅಲ್ಲೇ ನಿಂತಿದ್ದ ನನಗೆ ನಗು ತಡೆಯಲಾಗದೆ ಆಚೆಗೆ ಹೋಗಬೇಕಾಯಿತು. ಭಾಗ್ಯ ನಗಲಿಲ್ಲ. ಗಡುವಿನ ಶುಕ್ರವಾರ ಅವಳ ತಲೆಯಲ್ಲಿತ್ತು.

ನಾನು ಮಾತ್ರ ನಿರಾಳವಾಗಿದ್ದೆ. ನಾಲ್ಕು ದಿನ ಸಂಘವನ್ನು ಹೊತ್ತವಳನ್ನು ತೆಗೆಯುವಷ್ಟು ಕುರುಡರು ಯಾರಿದ್ದಾರೆ ಎಂದುಕೊಂಡಿದ್ದೆ. ಶುಕ್ರವಾರ ಮಧ್ಯಾಹ್ನ ಗುರುಪಾದಸ್ವಾಮಿ ಕರೆಸಿದರು. ಮೇಜಿನ ಮೇಲೆ ಮಹಾಮಂಡಲದ ನಮೂನೆ ಇತ್ತು. ನವೀಕರಣಗೊಂಡವು ಮೂವತ್ತೇಳು, ಬಾಕಿ ಒಂದು. ಬಾಕಿಯ ಮುಂದೆ ನಿರ್ವಾಹಕರ ಹೆಸರು ಬರೆದು ಸಹಿ ಹಾಕು ಎಂದರು.

ನಾನು ಕೂಗಾಡಿದೆ. ಆ ಒಂದರಿಂದಲೇ ನಾಲ್ಕು ದಿನದಿಂದ ಎಲ್ಲರ ಮನೆಯಲ್ಲೂ ಒಲೆ ಉರಿದಿದೆ, ಕಾರಣ ಬರೆಯಿರಿ ಎಂದೆ. ಅವರು ಕಾಗದವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.

"ಕಾರಣ ಬರೆಯಲು ಅಂಕಣ ಕೊಟ್ಟಿಲ್ಲ ಶಿವರಾಮು. ಆಗಿದೆ, ಆಗಿಲ್ಲ, ಎರಡೇ."

ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರು ಮೊಮ್ಮಗಳ ನಾಮಕರಣದಲ್ಲಿದ್ದರು. ಹುಡುಗಿ ಒಳ್ಳೆಯವಳೇ, ಆದರೆ ಕಾನೂನು ಅಂತ ಒಂದಿದೆಯಲ್ಲ, ಮುಂದೆ ನೋಡೋಣ ಎಂದು ಇಟ್ಟರು. ಆಗಿದೆ ಎಂದು ಸುಳ್ಳು ಬರೆಯೋಣವೆಂದರೆ ಅದೂ ಸಾಧ್ಯವಿಲ್ಲ. ಪ್ರತಿಯೊಂದು ಯಂತ್ರವೂ ತನ್ನ ಸ್ಥಿತಿಯನ್ನು ತಾನೇ ಮಹಾಮಂಡಲಕ್ಕೆ ಹೇಳಿಕೊಳ್ಳುತ್ತದೆ. ಸಹಿ ಹಾಕದೆ ಬೈಕ್ ಹತ್ತಿದೆ. ತೆರಕಣಾಂಬಿ ದಾಟುವ ತನಕ ಒಬ್ಬನೇ ಗಟ್ಟಿಯಾಗಿ ಬೈದುಕೊಂಡೆ. ಯಾರನ್ನು ಬೈದೆ ಎಂದು ಕೇಳಬೇಡಿ, ಅದರಲ್ಲಿ ನಾನೂ ಇದ್ದೆ.

ಗೇಟಿಗೆ ಬಂದಾಗ ಮೂರು ಗಂಟೆ. ಮೂವತ್ತಕ್ಕೂ ಹೆಚ್ಚು ಟೆಂಪೋ ಸಾಲಿನಲ್ಲಿದ್ದವು. ಗಾಡಿಗಳನ್ನು ವೇಬ್ರಿಡ್ಜಿಗೆ ಹತ್ತಿಸುವ ಮಾದಣ್ಣ ಬಿಸಿಲಿಗೆ ತಲೆಗೆ ಚೀಲ ಕಟ್ಟಿಕೊಂಡು ಓಡಾಡುತ್ತಿದ್ದ. ಭಾಗ್ಯಳಿಗೆ ನಡೆದದ್ದನ್ನೆಲ್ಲ ಹೇಳಿದೆ. ನೀನು ಹೆದರಬೇಡ, ನಾನು ಮಹಾಮಂಡಲಕ್ಕೆ ಪತ್ರ ಬರೆಯುತ್ತೇನೆ, ರೈತರ ಸಹಿ ಹಾಕಿಸುತ್ತೇನೆ, ಬೇಕಾದರೆ ನಾನೇ ಹೋಗಿ ಕೂರುತ್ತೇನೆ ಎಂದೆ. ಅವಳು ಒಂದು ಟೋಕನ್ ಹರಿದು ಕೊಟ್ಟು ನನ್ನ ಕಡೆ ತಿರುಗಿದಳು.

"ಅಣ್ಣ, ಮೂವತ್ತೇಳು ಕಂಪ್ಯೂಟರ್ ಕೆಟ್ಟು ಇವತ್ತಿಗ ಐದ್ ದಿನ. ಒಬ್ರ ಕೆಲ್ಸನಾರ ಓಯ್ತಾ?"

ಇಲ್ಲ ಎಂದೆ.

"ನಂದೊಂದೇ ನಡೀತಾ ಇರದು. ನನ್ ಕೆಲ್ಸ ಒಂದೇ ಓಯ್ತಾ ಇರದು. ನಂದನ್ನೂ ಕೆಡ್ಸ್ಬುಡು."

ನನಗೆ ಸಿಟ್ಟು ಬಂತು. ಹೊರಗೆ ನೋಡು ಎಂದೆ. ಇದು ನಿಂತರೆ ಇವತ್ತಿನ ಬೀನ್ಸು, ಟೊಮೆಟೊ ಗಾಡಿಯಲ್ಲೇ ಬೇಯುತ್ತದೆ, ನಾಳೆ ಇವರೆಲ್ಲ ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ಅವಳ ಕಣ್ಣು ತುಂಬಿಕೊಂಡಿತು, ದನಿ ಮಾತ್ರ ಗಟ್ಟಿಯಾಗಿತ್ತು.

"ಐದ್ ದಿನದಿಂದ ಅವ್ರನ್ನೇ ನೋಡ್ದೆ ಕಣಣ್ಣ. ನನ್ನ ನೋಡ್ದವ್ರು ಯಾರು? ನಾನ್ ಮನ್ಗ ಓದ್ರ ಸಿಂಧುಗ ನೀನ್ ಏನೇಳೀಯೆ, ನಿಮ್ಮವ್ವ ಚೆನ್ನಾಗ್ ಕೆಲ್ಸ ಮಾಡ್ತಿದ್ಲು, ಅದ್ಕೇ ತೆಗುದ್ರು ಅಂತನಾ?"

ಈ ಹುಡುಗಿಯ ಹೆಸರನ್ನು ಸಭೆಯಲ್ಲಿ ಮೊದಲ ಪಂಕ್ತಿಗೆ ಎತ್ತಿ ಎಲ್ಲರ ಕಣ್ಣಿಗೆ ಬೀಳಿಸಿದವನು ನಾನು. ಕಡೆಯಲ್ಲಾದರೂ ಹಾಕಿಯೇ ಹಾಕುತ್ತೇನೆಂದು ಮಾತು ಕೊಟ್ಟವನೂ ನಾನೇ. ನವೀಕರಣಕ್ಕೆ ಒಂದೂವರೆ ಗಂಟೆ ಬೇಕು. ಗೋಡೆಯ ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು. ಅವಳು ಎದ್ದು ಕುರ್ಚಿ ನನ್ನ ಕಡೆ ಸರಿಸಿದಳು. ವೇಬ್ರಿಡ್ಜ್ ಮೇಲೆ ಒಂದು ಬೀನ್ಸಿನ ಗಾಡಿ ಹತ್ತಿತ್ತು, ಅದೊಂದನ್ನು ಕಳಿಸಿಬಿಡುತ್ತೇನೆ ಎಂದು ನಿಂತುಕೊಂಡೇ ಕೊನೆಯ ಟೋಕನ್ ತೆಗೆದಳು. ನಾನು ಕೂತು ನನ್ನ ಪಾಸ್‌ವರ್ಡ್ ಹಾಕಿದೆ. ಎರಡು ಸಲ ತಪ್ಪಾಯಿತು. ಮೂರನೆಯ ಸಲಕ್ಕೆ ತೆಗೆದುಕೊಂಡಿತು.

ಹತ್ತು ನಿಮಿಷದಲ್ಲಿ ಹೊರಗೆ ಹಾರನ್ನುಗಳು ಶುರುವಾದವು. ಮಾದಣ್ಣ ಕಿಟಕಿಗೆ ಬಂದು ಪರದೆ ನೋಡಿ, ನಮ್ಮಿಬ್ಬರ ಮುಖ ನೋಡಿ, ಹೋಗಿ ಗೇಟಿನ ಸರಪಳಿ ಹಾಕಿದ. ರೈತರು ಬಂದು ಬಾಗಿಲಲ್ಲಿ ತುಂಬಿಕೊಂಡರು. ಅವಳಿಗೆ ಬೈದರು, ನನಗೆ ಬೈದರು, ಸಂಘದ ಹೆಸರು ಹಿಡಿದು ಬೈದರು. ಒಂದು ಮಾತೂ ಸುಳ್ಳಾಗಿರಲಿಲ್ಲ. ಪರದೆಯ ಮೇಲೆ ಒಂದು ಉಂಗುರ ಸುತ್ತುತ್ತಿತ್ತು. ಅದರ ಕೆಳಗೆ ಶೇಕಡಾ ಮೂವತ್ತು, ಆಮೇಲೆ ಅರವತ್ತು, ಆಮೇಲೆ ತೊಂಬತ್ತೊಂದು. ಭಾಗ್ಯ ಗೋಡೆಗೆ ಒರಗಿ ನಿಂತು ಅದನ್ನೇ ನೋಡುತ್ತಿದ್ದಳು.

ಐದಕ್ಕೆ ಎಂಟು ನಿಮಿಷ ಇರುವಾಗ ಬಣ್ಣ ಬಣ್ಣದ ಪರದೆ ಬಂತು. ಒಂದೆರಡು ನಿಮಿಷಕ್ಕೆ ಗುರುಪಾದಸ್ವಾಮಿಗಳ ಫೋನು. ಮೂವತ್ತೆಂಟಕ್ಕೆ ಮೂವತ್ತೆಂಟು ತೋರಿಸುತ್ತಿದೆ, ಜಿಲ್ಲೆಯಲ್ಲಿ ನೂರಕ್ಕೆ ನೂರು ಮಾಡಿದ ಸಂಘ ನಮ್ಮದೊಂದೇ, ಅಧ್ಯಕ್ಷರು ನಾಮಕರಣದ ಮನೆಯಿಂದಲೇ ಅಭಿನಂದನೆ ಹೇಳಿದ್ದಾರೆ, ಗುತ್ತಿಗೆಯವರನ್ನು ಇನ್ನೊಂದು ವರ್ಷ ಮುಂದುವರಿಸುವ ಪಟ್ಟಿಗೆ ಈಗಷ್ಟೇ ಸಹಿಯಾಯಿತು ಎಂದರು. ಭಾಗ್ಯಳ ಹೆಸರಿದೆಯೇ ಎಂದು ಕೇಳಿದೆ. ಇಲ್ಲದೆ ಏನು, ಅವಳದೂ ಆಯಿತಲ್ಲ ಎಂದರು. ಫೋನನ್ನು ಅವಳ ಕಿವಿಗೆ ಹಿಡಿದು ಇನ್ನೊಂದು ಸಲ ಹೇಳಿಸಿದೆ. ಕೇಳಿ ತಲೆ ಆಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಬಾಗಿಲಲ್ಲಿದ್ದವರು ಬೈದು ಸುಸ್ತಾಗಿ ಒಬ್ಬೊಬ್ಬರಾಗಿ ಗಾಡಿಗಳ ಕಡೆ ಹೋಗಿದ್ದರು. ಉಳಿದವಳು ಒಬ್ಬಳು ಮುದುಕಿ, ಪುಟ್ಟಮಲ್ಲಮ್ಮ. ಸಾಲಿನಲ್ಲಿ ನಾಲ್ಕನೆಯದು ಅವಳ ಟೊಮೆಟೊ. ಬೈಯಲಿಲ್ಲ. ಹೊಸಿಲ ಮೇಲೆ ಕೂತು ಒಳಗೆ ಬಗ್ಗಿ ನೋಡಿದಳು.

"ಏನಮ್ಮಿ, ಇಷ್ಟ್ ದಿನ ಇಡೀ ಸಂಘಕ್ಕ ನೀನೊಬ್ಳು ಸರ್ಯಾಗಿದ್ದೆ. ನಿಂದೂ ಕೆಟ್ಟೋಯ್ತಾ?"

"ಊಂ ಕಣವ್ವ, ಕೆಟ್ಟೋಯ್ತು," ಎಂದಳು ಭಾಗ್ಯ. "ಇನ್ನೊಂದ್ ವರ್ಷ ಕೆಲ್ಸ ಅದೆ."

ಮುದುಕಿಯ ಕೈ ಹಿಡಿದು ಎಬ್ಬಿಸಿ, ಅವಳ ಜೊತೆ ಹೊರಗೆ ಹೋದಳು. ಸಾಲಿನ ಮೊದಲ ಗಾಡಿಯಿಂದ ಶುರುಮಾಡಿ ಒಂದೊಂದೇ ಟೆಂಪೋದ ಬಾಗಿಲು ತಟ್ಟಿ, ಇವತ್ತು ತೂಕ ಆಗುವುದಿಲ್ಲ, ವಾಪಸು ಹೋಗಿ ಎಂದು ಹೇಳುತ್ತಾ ಹೆದ್ದಾರಿಯ ಕಡೆ ನಡೆದಳು.